ಮನೆ ವೈನ್ ಹಣ್ಣಿನ ರಸ ಅಲ್ಲ

"ವೈನ್ ಅಷ್ಟೇ ಡಾಕ್ಟ್ರೇ, ಮನೇಲೇ ಮಾಡಿದ್ದು." ಕೊಡಗಿನಲ್ಲಿ ಮದುವೆ ಸೀಸನ್ ಬಂದರೆ ಈ ಮಾತು ನನ್ನ ಕಿವಿಗೆ ಮತ್ತೆ ಮತ್ತೆ ಬೀಳುತ್ತದೆ. ಹದಿನೈದು, ಹದಿನಾರರ ಹುಡುಗ ವಾಂತಿ ಮಾಡಿ ಸುಸ್ತಾಗಿ ಮಲಗಿರುತ್ತಾನೆ. ವೈನ್‌ನಿಂದ ಇಷ್ಟೆಲ್ಲ ಆಗುತ್ತಾ ಅಂತ ಹೆತ್ತವರಿಗೆ ನಂಬಿಕೆಯೇ ಬರುವುದಿಲ್ಲ.

ಲೆಕ್ಕ ಹಾಕಿ ನೋಡಿ. 30 ಎಂಎಲ್ ರಮ್‌ನಲ್ಲಿ ಸುಮಾರು 10 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ 12ರಷ್ಟು ಆಲ್ಕೋಹಾಲ್ ಇರುವ ವೈನ್ ಒಂದು ಲೋಟ, ಅಂದರೆ 150 ಎಂಎಲ್ ಕುಡಿದರೆ 14 ಗ್ರಾಂ. ಮೊಮ್ಮಗನಿಗೆ ರಮ್ ಕೊಡಲು ಒಪ್ಪದ ಅಜ್ಜಿ, ಅದಕ್ಕಿಂತ ಜಾಸ್ತಿ ಆಲ್ಕೋಹಾಲನ್ನು ಪ್ರೀತಿಯಿಂದಲೇ ಕೊಟ್ಟಿರುತ್ತಾರೆ. ಶುಂಠಿ, ನೆಲ್ಲಿಕಾಯಿ, ದ್ರಾಕ್ಷಿ, ಯಾವುದರಲ್ಲಿ ಮಾಡಿದರೂ ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿಯೇ ಮಾಡುತ್ತದೆ. ಭರಣಿಗೆ ಲೇಬಲ್ ಇರುವುದಿಲ್ಲ. ಎಷ್ಟು ಸ್ಟ್ರಾಂಗ್ ಅಂತ ಮಾಡಿದವರಿಗೂ ಗೊತ್ತಿರುವುದಿಲ್ಲ. ಸಿಹಿ ಬೇರೆ, ಹಾಗಾಗಿ ಮೂರನೇ ಲೋಟವೂ ಸಲೀಸಾಗಿ ಇಳಿಯುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಅಭ್ಯಾಸ. ಶೀತಕ್ಕೆ, ಚಳಿಗೆ ಅಂತ ಮಕ್ಕಳಿಗೆ ಒಂದು ಚಮಚ ಬ್ರಾಂದಿ. ಬೆಚ್ಚಗಾದ ಹಾಗೆ ಅನ್ನಿಸುವುದು ನಿಜ. ಆದರೆ ಅದು ಚರ್ಮದ ರಕ್ತನಾಳಗಳು ಹಿಗ್ಗಿದ್ದರಿಂದ. ಒಳಗಿನ ಶಾಖ ಆ ದಾರಿಯಲ್ಲೇ ಹೊರಗೆ ಹೋಗುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿ.

ಕೊಡವ ಮನೆಗಳಲ್ಲಿ ಹಿರಿಯರಿಗೆ ಇಡುವ ಎಡೆಯಲ್ಲೂ ಮದ್ಯ ಇರುತ್ತದೆ. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ನನ್ನ ತಕರಾರು ಮಕ್ಕಳ ಲೋಟದ ಬಗ್ಗೆ ಮಾತ್ರ. ಯೋಚಿಸಿ ತೀರ್ಮಾನ ಮಾಡುವ ಮೆದುಳಿನ ಭಾಗ ಬೆಳೆದು ಮುಗಿಯುವಾಗ ಇಪ್ಪತ್ತು ದಾಟಿ ನಾಲ್ಕೈದು ವರ್ಷ ಆಗಿರುತ್ತದೆ. 1997ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಸಮೀಕ್ಷೆಯೊಂದರಲ್ಲಿ, 15ಕ್ಕೂ ಮೊದಲು ಕುಡಿಯಲು ಶುರು ಮಾಡಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಚಟಕ್ಕೆ ಬಿದ್ದಿದ್ದರು. 20ರ ನಂತರ ಶುರು ಮಾಡಿದವರಲ್ಲಿ ಸುಮಾರು 10. ಲಿವರ್ ಮಾತು ಎಲ್ಲರಿಗೂ ಗೊತ್ತು. ಕ್ಯಾನ್ಸರ್ ಮಾತು ಗೊತ್ತಿರುವವರು ಕಮ್ಮಿ. ಮದ್ಯ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಹೇಳಿದೆ.

ಮನೆಯಲ್ಲಿ ಶುರುವಾದದ್ದನ್ನು ಜಾಹೀರಾತು ಮುಂದುವರಿಸುತ್ತದೆ. ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ. ಹಾಗಾಗಿ ಅದೇ ಹೆಸರು, ಅದೇ ಬಣ್ಣದಲ್ಲಿ ಸೋಡಾ, ನೀರು ಬರುತ್ತದೆ. ಕೇಂದ್ರ ಸರ್ಕಾರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಇಂಥ ಮುಸುಕಿನ ಜಾಹೀರಾತನ್ನೂ ನಿಷೇಧಿಸಿತು. ಆದರೂ ಒಂದು ಸೋಡಾ ಜಾಹೀರಾತು ತೋರಿಸಿ ಇದು ಯಾವುದರದ್ದು ಅಂತ ಹತ್ತನೇ ಕ್ಲಾಸಿನ ಮಕ್ಕಳನ್ನು ಕೇಳಿ ನೋಡಿ. ಸೋಡಾ ಅಂತ ಯಾರೂ ಹೇಳುವುದಿಲ್ಲ.

ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. 18ರೊಳಗಿನ ಮಕ್ಕಳಿಗೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲು ಇದೆ. ಮಾರಿದವರಿಗೆ ಮಾತ್ರ ಅಲ್ಲ, ಕೊಟ್ಟವರಿಗೂ.

ಮಗು ಕುಡಿದು ಎಚ್ಚರ ತಪ್ಪಿದ್ದರೆ ಮಲಗಿ ಸರಿಹೋಗಲಿ ಅಂತ ಬಿಡಬೇಡಿ. ಖಾಲಿ ಹೊಟ್ಟೆಯಲ್ಲಿ ಕುಡಿದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಗ್ಗುಲಿಗೆ ಮಲಗಿಸಿ, ಅಂಗಾತ ಬೇಡ. ಕಾಫಿ, ಮಜ್ಜಿಗೆ, ನಿಂಬೆರಸ ಏನನ್ನೂ ಬಾಯಿಗೆ ಹಾಕಬೇಡಿ. ಬಲವಂತವಾಗಿ ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ. ಏನು ಕುಡಿದ, ಎಷ್ಟು ಕುಡಿದ ಅಂತ ಡಾಕ್ಟರ ಹತ್ತಿರ ಮುಚ್ಚಿಡದೆ ಹೇಳಿ.