ಹಿರಿಯರು ಬೀಳದಿರಲು ನೃತ್ಯ: ಹೆಜ್ಜೆಯೊಳಗೆ ಏನಿರಬೇಕು?

ನೃತ್ಯ ಮಾಡಿಸಿದರೆ ಸಾಕು, ಬೀಳುವುದು ತಾನಾಗಿ ಕಡಿಮೆಯಾಗುತ್ತದೆ ಎಂದುಕೊಂಡು ಈ ಪಾಠ ಓದಬೇಡಿ. ಜಿನೀವಾದ ಅಧ್ಯಯನವೊಂದರಲ್ಲಿ (2011) 65 ದಾಟಿದ 134 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಂದು ಗಂಟೆಯಂತೆ ಆರು ತಿಂಗಳು ಪಿಯಾನೊ ಲಯಕ್ಕೆ ಹೆಜ್ಜೆ ಹಾಕಿಸಿದರು. ಲಯ ಬದಲಾದಂತೆ ನಡಿಗೆಯೂ ಬದಲಾಗಬೇಕಿತ್ತು. ಆ ಗುಂಪಿನಲ್ಲಿ ಬೀಳುವುದು ಸುಮಾರು ಅರ್ಧಕ್ಕಿಳಿಯಿತು. ಸಿಡ್ನಿಯಲ್ಲಿ 530 ಹಿರಿಯರನ್ನು ಒಳಗೊಂಡ ಅಧ್ಯಯನ (2016) ಒಂದು ವರ್ಷ ಜಾನಪದ ನೃತ್ಯ ಮತ್ತು ಜೋಡಿಯಾಗಿ ಕುಣಿಯುವ ಬಾಲ್‌ರೂಂ ನೃತ್ಯ ಕಲಿಸಿ ನೋಡಿತು, ಬೀಳುವುದು ಇಳಿಯಲಿಲ್ಲ. ಹಿಂದೆ ಹಲವು ಸಲ ಬಿದ್ದವರು ಇನ್ನೂ ಹೆಚ್ಚು ಬಿದ್ದರು. ಹಾಗಾಗಿ ಕುಣಿತದ ಹೆಸರಿಗಿಂತ ಅದು ದೇಹಕ್ಕೆ ಒಡ್ಡುವ ಸವಾಲನ್ನು ನೋಡಬೇಕು, ಆ ಸವಾಲು ಯಾರಿಗೆ ಎಷ್ಟು ಎಂಬುದನ್ನೂ.

ಮೊದಲು ಅಳತೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿಯಿರಿ. ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ 10 ಸೆಕೆಂಡ್ ನಿಲ್ಲಲಾಗದಿದ್ದರೂ ಹಾಗೆಯೇ. ಇಂಥವರು ಗೋಡೆಗೆ ಆನಿಸಿದ ಗಟ್ಟಿ ಕುರ್ಚಿಯ ಬೆನ್ನು ಹಿಡಿದು ಶುರುಮಾಡಲಿ. ಎದ್ದು ನಿಂತಾಗ ತಲೆ ತಿರುಗುವವರು ಮೊದಲು ವೈದ್ಯರನ್ನು ಕಾಣಬೇಕು.

ಹೆಜ್ಜೆಯ ತಿರುಳು ಮೈಭಾರ ದಾಟಿಸುವುದು. ಬಲಗಾಲನ್ನು ಪಕ್ಕಕ್ಕಿಟ್ಟು ಭಾರವನ್ನು ಪೂರ್ತಿ ಅದರ ಮೇಲೆ ತರಬೇಕು. ಆಗ ಮಾತ್ರ ಎಡಗಾಲು ಹಗುರಾಗಿ ಹತ್ತಿರ ಬರುತ್ತದೆ. ಕಲಿಯುವವರು ಬಹುಪಾಲು ತಪ್ಪುವುದು ಇಲ್ಲೇ: ಪಾದ ಸರಿದಿರುತ್ತದೆ, ಭಾರ ಹಿಂದಿನ ಕಾಲಲ್ಲೇ ಉಳಿದಿರುತ್ತದೆ. ಹೊರಗಿನಿಂದ ಹೆಜ್ಜೆ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷಿಸಲು, ಹಗುರಾದ ಕಾಲನ್ನು ನೆಲದಿಂದ ಎತ್ತಿ ಒಂದು ಎಣಿಕೆ ತಡೆಯಲು ಹೇಳಿ. ದೇಹ ವಾಲಿದರೆ ಭಾರ ದಾಟಿಲ್ಲ.

ನಿಮಿಷಕ್ಕೆ 60ರಿಂದ 70 ತಾಳದ ಸಂಗೀತ, ಎರಡು ತಾಳಕ್ಕೊಂದು ಹೆಜ್ಜೆ. ಪಕ್ಕಕ್ಕೆ 8, ಮುಂದಕ್ಕೆ 4, ಹಿಂದಕ್ಕೆ 4. ಹಿಂದಕ್ಕೆ ಇಡುವಾಗ ಪಾದದ ಮುಂಭಾಗ ಮೊದಲು ಊರಲಿ, ಆಮೇಲೆ ಹಿಮ್ಮಡಿ. ಅರ್ಧ ತಿರುವನ್ನು ನಾಲ್ಕು ಪುಟ್ಟ ಹೆಜ್ಜೆಗಳಲ್ಲಿ ಮುಗಿಸಬೇಕು. ಒಂದೇ ಪಾದದ ಮೇಲೆ ಗಿರ್ರನೆ ತಿರುಗಿದರೆ ಮೊಣಕಾಲು ಉಳುಕುತ್ತದೆ, ಕಾಲಿಗೆ ಕಾಲು ತೊಡರುತ್ತದೆ.

ಇಷ್ಟು ಹಿಡಿತಕ್ಕೆ ಬಂದ ಮೇಲೆಯೇ ತಲೆಗೆ ಕೆಲಸ ಕೊಡಿ: ಚಪ್ಪಾಳೆ ಕೇಳಿದಾಗ ದಿಕ್ಕು ಬದಲಿಸುವುದು, ಹೆಜ್ಜೆ ಹಾಕುತ್ತಲೇ ವಾರದ ಹೆಸರುಗಳನ್ನು ಹಿಂದಿನಿಂದ ಹೇಳುವುದು. ಮಾತಾಡುತ್ತಾ ನಡೆಯುವಾಗ ಎಡವುವವರಿಗೆ ಬೇಕಾದ ಅಭ್ಯಾಸ ಇದೇ. ಮಾತಿಗೆ ಹೆಜ್ಜೆ ನಿಂತುಹೋದರೆ ಮಾತು ಬಿಡಿಸಿ, ತಾಳ ನಿಧಾನಿಸಿ.

ಬರೀ ಕಾಲುಚೀಲ ಜಾರುತ್ತದೆ. ದಪ್ಪ ರಬ್ಬರ್ ಅಟ್ಟೆ ತಿರುವಿನಲ್ಲಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ತೆಳು ಅಟ್ಟೆಯ, ಹಿಮ್ಮಡಿ ಮುಚ್ಚುವ ಶೂ ಒಳ್ಳೆಯದು. ನೆರವಿನವರು ಎದುರಿಗಲ್ಲ, ದುರ್ಬಲ ಕಾಲಿನ ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ. ದಣಿದ ಕಾಲು ಮೇಲೇಳದೆ ನೆಲ ಸವರತೊಡಗುತ್ತದೆ. ಆ ಸದ್ದು ಕೇಳಿದೊಡನೆ ಕೂರಿಸಿ.