ಪದ ಪರಿಚಯ: ಕಂಪ್ಯೂಟರ್ ನೆರವಿನ ‘ಆಸ್ಕಿ’

ನರ್ಸಿಂಗ್ ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುವ ‘ಆಸ್ಕಿ’ ಎಂಬ ಪದ ‘ಆಬ್ಜೆಕ್ಟಿವ್ ಸ್ಟ್ರಕ್ಚರ್ಡ್ ಕ್ಲಿನಿಕಲ್ ಎಕ್ಸಾಮಿನೇಷನ್’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳಿಂದ (OSCE) ಆದದ್ದು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ರೂಪಿಸಿ 1975ರಲ್ಲಿ ಪ್ರಕಟಿಸಿದ ಪರೀಕ್ಷಾ ಕ್ರಮ ಇದು. ನರ್ಸಿಂಗ್ ಆಮೇಲೆ ಅದನ್ನು ತನ್ನದಾಗಿಸಿಕೊಂಡಿತು. ಹಳೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬರಿಗೆ ಸುಲಭದ ರೋಗಿ ಸಿಕ್ಕರೆ ಇನ್ನೊಬ್ಬರಿಗೆ ಕಷ್ಟದ ರೋಗಿ. ಒಬ್ಬ ಪರೀಕ್ಷಕರ ಕೈ ಬಿಗಿ, ಇನ್ನೊಬ್ಬರದು ಸಡಿಲ. ಆಸ್ಕಿಯಲ್ಲಿ ಎಲ್ಲರೂ ಅವೇ ‘ಸ್ಟೇಷನ್’ಗಳನ್ನು, ಅಂದರೆ ಒಂದೊಂದು ಕೆಲಸ ಮಾಡಿ ತೋರಿಸಬೇಕಾದ ತಾಣಗಳನ್ನು, ಅಷ್ಟಷ್ಟೇ ನಿಮಿಷಗಳಲ್ಲಿ ದಾಟುತ್ತಾರೆ. ಗಂಟೆ ಬಾರಿಸಿದರೆ ಮುಂದಿನ ಸ್ಟೇಷನ್.

‘ಕಂಪ್ಯೂಟರ್ ನೆರವಿನ’ ಎಂದ ಕೂಡಲೇ ಪರದೆಯ ಮುಂದೆ ಕೂತು ಉತ್ತರ ಒತ್ತುವ ಪರೀಕ್ಷೆ ಎಂದುಕೊಳ್ಳುವವರಿದ್ದಾರೆ. ಅಲ್ಲಿ ಅಳೆಯುವುದು ತಿಳಿವಳಿಕೆಯನ್ನು. ಇಲ್ಲಿ ಸಿರಿಂಜ್ ಹಿಡಿಯಲೇಬೇಕು.

ಆ್ಯಂಟಿಬಯೋಟಿಕ್ ಕೊಡುವ ಒಂದು ಸ್ಟೇಷನ್ನನ್ನೇ ನೋಡಿ. ಮಂಚದ ಮೇಲೆ ಕಂಪ್ಯೂಟರ್‌ನಿಂದ ನಡೆಯುವ ಮ್ಯಾನಿಕಿನ್, ಅಂದರೆ ಮನುಷ್ಯಾಕಾರದ ಬೊಂಬೆ, ಮಲಗಿದೆ. ಅದರ ಎದೆ ಏರಿಳಿಯುತ್ತದೆ, ನಾಡಿ ಕೈಗೆ ಸಿಗುತ್ತದೆ. ಅಲರ್ಜಿ ಇದೆಯೇ ಎಂದು ಕೇಳದೆ ವಿದ್ಯಾರ್ಥಿ ಪೆನಿಸಿಲಿನ್ ಕೊಟ್ಟುಬಿಟ್ಟಳು ಎನ್ನಿ. ನಿಯಂತ್ರಿಸುವವರು ಪರದೆಯಾಚೆಯಿಂದ ಸ್ಥಿತಿ ಬದಲಿಸುತ್ತಾರೆ: ರಕ್ತದೊತ್ತಡ ಕುಸಿಯುತ್ತದೆ, ಉಸಿರಿನಲ್ಲಿ ಸಿಳ್ಳಿನಂಥ ಸದ್ದು ಏಳುತ್ತದೆ. ಅವಳು ಔಷಧಿ ನಿಲ್ಲಿಸಿದಳೇ, ಸಹಾಯಕ್ಕೆ ಕೂಗಿದಳೇ, ಇಂಥ ತೀವ್ರ ಅಲರ್ಜಿಗೆ ಮದ್ದಾದ ಅಡ್ರಿನಲಿನ್ ಅನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಕೊಡಬೇಕೆಂಬುದು ಹೊಳೆಯಿತೇ? ಜೀವ ಇರುವ ರೋಗಿಯ ಮೇಲೆ ಇದನ್ನು ಪರೀಕ್ಷಿಸಲಾಗದು, ಪರೀಕ್ಷಿಸಲೂಬಾರದು. ಯಂತ್ರದ ನೆರವಿಗೆ ನಾನು ಮನಸಾರೆ ಒಪ್ಪುವುದು ಇದೇ ಕಾರಣಕ್ಕೆ.

ಪರೀಕ್ಷಕರ ಕೈಯಲ್ಲಿ ಕಾಗದದ ಬದಲು, ವಿದ್ಯಾರ್ಥಿ ಮಾಡಬೇಕಾದ ಹಂತಗಳ ಪಟ್ಟಿಯಿರುವ ಟ್ಯಾಬ್ಲೆಟ್ ಕಂಪ್ಯೂಟರ್ ಇರುತ್ತದೆ. ಒಂದು ಹಂತಕ್ಕೆ ಗುರುತು ಹಾಕಲು ಮರೆತರೆ ಅದು ನೆನಪಿಸುವಂತೆ ಮಾಡಬಹುದು. ಅಂಕ ಕೂಡುವ ಕೆಲಸವೂ ಅದರದೇ. ಅದಕ್ಕಿಂತ ದೊಡ್ಡ ಲಾಭವೆಂದರೆ, ತರಗತಿಯ ಬಹುತೇಕರು ಒಂದೇ ಹಂತದಲ್ಲಿ ಎಡವಿದ್ದರೆ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಆಗ ತಿದ್ದಿಕೊಳ್ಳಬೇಕಾದವರು ಕಲಿಸಿದವರು.

ಆದರೆ ಪಟ್ಟಿಗೆ ಸಿಗದ್ದೂ ಇದೆ. ‘ರೋಗಿಗೆ ಧೈರ್ಯ ಹೇಳಿದಳು’ ಎಂಬ ಸಾಲಿಗೆ ಗುರುತು ಹಾಕಬಹುದು; ಆ ಮಾತಿನಲ್ಲಿ ಅಕ್ಕರೆ ಇತ್ತೇ ಎಂಬುದನ್ನು ಎದುರಿಗೆ ನಿಂತವರೇ ಬಲ್ಲರು. ಅದಕ್ಕಾಗಿಯೇ ಹಲವೆಡೆ ಹಂತಗಳ ಅಂಕದ ಜೊತೆಗೆ ಪರೀಕ್ಷಕರು ಒಟ್ಟಾರೆ ಅಭಿಪ್ರಾಯವನ್ನೂ ದಾಖಲಿಸುತ್ತಾರೆ. ಎರಡನ್ನೂ ಹೊಂದಿಸಿ ಆ ಸ್ಟೇಷನ್ನಿನ ತೇರ್ಗಡೆ ಅಂಕ ಎಷ್ಟಿರಬೇಕೆಂದು ಲೆಕ್ಕ ಹಾಕುವುದು ಮತ್ತೆ ಕಂಪ್ಯೂಟರ್.

ಪರೀಕ್ಷೆಯನ್ನು ವಿಡಿಯೊ ಮಾಡಿದ್ದರೆ ವಿದ್ಯಾರ್ಥಿ ಆಮೇಲೆ ತನ್ನನ್ನೇ ನೋಡಿಕೊಳ್ಳಬಹುದು. ಸ್ಟೆರೈಲ್ (ರೋಗಾಣುರಹಿತ) ಗ್ಲೌಸ್ ಹಾಕಿದ ಮೇಲೆ ಕೈ ಮಂಚದ ಕಂಬಿಗೆ ತಗುಲಿದ್ದು ಆಗ ಅವಳಿಗೇ ಕಾಣುತ್ತದೆ.