ಹಲಗೆ ಎಬ್ಬಿಸುವವರು ಯಾರು?

ತೋಡಿಗೊಂದು, ಅಂದರೆ ಸಣ್ಣ ಹಳ್ಳಕ್ಕೊಂದು, ಕಿಂಡಿ ಅಣೆಕಟ್ಟು ಬೇಕೆಂದು ಕೃಷಿಕರು ಬಂದಾಗ, ನೀರಿನ ಎಂಜಿನಿಯರನಾಗಿ ನಾನು ಮೊದಲು ಕೇಳುವುದು ಇಷ್ಟೇ: ಮಳೆ ಹಿಡಿಯುವ ಮೊದಲು ಹಲಗೆ ಎಬ್ಬಿಸುವವರು ಯಾರು? ಕಿಂಡಿ ಅಣೆಕಟ್ಟೆಂದರೆ ಕಾಂಕ್ರೀಟು ಕಂಬಗಳ ನಡುವಿನ ಕಿಂಡಿಗಳಿಗೆ ಹಲಗೆ ಇಳಿಸಿ ನೀರು ನಿಲ್ಲಿಸುವ ತಡೆ; ಹಲಗೆ ಮೇಲೆತ್ತಿ ತೆಗೆದರೆ ನೀರು ಹರಿದು ಹೋಗುತ್ತದೆ.

ನೀರು ನಿಲ್ಲಿಸಲು ನನ್ನ ವಿರೋಧವಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆಯಾದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿದು ಹೋಗುತ್ತದೆ. ಹೊಳೆಗಳೂ ಗಿಡ್ಡ, ಚಂದ್ರಗಿರಿ 105 ಕಿ.ಮೀ., ಮಂಜೇಶ್ವರ ಹೊಳೆ ಬರೇ 16. ಮುರಕಲ್ಲಿನ ಗುಡ್ಡೆಗಳಲ್ಲಿ ಇಂಗಿದ್ದು ಬೇಗನೆ ಇಳಿದುಹೋಗುತ್ತದೆ. ಜನವರಿ ಕಳೆದರೆ ಅಡಕೆ ತೋಟಕ್ಕೆ ನೀರು ಬೇಕೇ ಬೇಕು.

ಹಿರಿಯರು ಇದಕ್ಕೆ ಕಂಡುಕೊಂಡ ದಾರಿ ಕಟ್ಟ. ಕಾಸರಗೋಡು ಜಿಲ್ಲೆಯ ಏತಡ್ಕದಲ್ಲಿ ಇಂಥ ಕಟ್ಟಗಳ ಸಾಲೇ ಇದೆ. ನವೆಂಬರ್, ಡಿಸೆಂಬರಿನಲ್ಲಿ ಹರಿವು ಇಳಿದ ಮೇಲೆ ಕಲ್ಲು, ಮಣ್ಣು ಸೇರಿಸಿ ತೋಡಿಗೆ ಅಡ್ಡ ಹಾಕುತ್ತಾರೆ. ನಿಂತ ನೀರು ದಂಡೆಗೆ ಇಂಗಿ ಆಚೀಚೆಯ ಕೆರೆ, ಬಾವಿಗಳಲ್ಲಿ ಒರತೆ ಉಳಿಸುತ್ತದೆ. ಮಳೆಗಾಲಕ್ಕೆ ಕಟ್ಟ ಇರುವುದಿಲ್ಲ. ಬಿಡಿಸುತ್ತಾರೆ, ಇಲ್ಲವೇ ನೆರೆಯೇ ಒಯ್ಯುತ್ತದೆ. ತೋಡು ಮತ್ತೆ ಹೊಳೆಯವರೆಗೆ ತಡೆಯಿಲ್ಲದೆ ಹರಿಯುತ್ತದೆ.

ಕಿಂಡಿ ಅಣೆಕಟ್ಟಿನ ಕಾಂಕ್ರೀಟು ಹಾಗೆ ಸರಿದು ನಿಲ್ಲುವುದಿಲ್ಲ. ಹಲಗೆ ಎಬ್ಬಿಸದಿದ್ದರೆ ಮರಳು, ಹೂಳು ಹಿಂದೆ ತುಂಬುತ್ತದೆ, ನೆರೆ ಬದಿಯ ದಂಡೆ ಕೊರೆದು ತೋಟಕ್ಕೆ ನುಗ್ಗುತ್ತದೆ. ಎಬ್ಬಿಸಿದರೂ ಇನ್ನೊಂದು ತೊಂದರೆಯಿದೆ, ಅದನ್ನು ನಮ್ಮ ವೃತ್ತಿಯವರು ನಕ್ಷೆಯಲ್ಲಿ ನೋಡುವುದೇ ಕಡಿಮೆ. ಅಡಿಯ ಕಾಂಕ್ರೀಟು ಹಾಸು ಮುಗಿಯುವಲ್ಲಿ ನೀರು ಬಿದ್ದು ಬಿದ್ದು ತಳ ಕೊರೆಯುತ್ತದೆ, ಕೆಲವು ವರ್ಷಗಳಲ್ಲಿ ಅಲ್ಲೊಂದು ಮೆಟ್ಟಿಲಾಗುತ್ತದೆ. ಮೊದಲ ಮಳೆಗೆ ಮೊಟ್ಟೆಯಿಡಲು ಮೇಲಕ್ಕೆ ಹತ್ತುವ ಸಣ್ಣ ಮೀನುಗಳು ಮೊಣಕಾಲೆತ್ತರದ ಆ ಮೆಟ್ಟಿಲನ್ನೂ ದಾಟಲಾರವು. ಅದರ ಬುಡದಲ್ಲಿ ಗುಂಪುಗೂಡಿದ ಮೀನನ್ನು ಹಿಡಿಯುವುದು ಸುಲಭ. ಬಲೆಗೆ ಬೀಳುವುದು ಮೊಟ್ಟೆ ತುಂಬಿದ ತಾಯಿಮೀನು. ಇದು ನನಗೆ ತುಂಬ ನೋವಿನ ವಿಷಯ, ಏಕೆಂದರೆ ಸರಿಪಡಿಸಲು ಹೆಚ್ಚೇನೂ ಬೇಡ: ಮೆಟ್ಟಿಲಿನ ಕೆಳಗೆ ದೊಡ್ಡ ಕಲ್ಲುಗಳನ್ನು ಇಳಿಜಾರಾಗಿ ಹಾಸಬೇಕು, 1 ಅಡಿ ಎತ್ತರಕ್ಕೆ 20 ಅಡಿಯಾದರೂ ಉದ್ದ ಬರುವಂತೆ.

ಚಂದ್ರಗಿರಿ ಹೊಳೆಗೆ ತಡೆ ಕಟ್ಟಿರುವ ಬಾವಿಕ್ಕೆರೆಯ ಮಾತು ಬೇರೆ. ಬೇಸಿಗೆಯಲ್ಲಿ ಸಮುದ್ರದ ಉಪ್ಪು ಚಂದ್ರಗಿರಿಯಲ್ಲಿ ಮೇಲೇರಿ ಕಾಸರಗೋಡು ಪೇಟೆಯ ಕುಡಿಯುವ ನೀರನ್ನೇ ಕೆಡಿಸುತ್ತಿತ್ತು. ಅಲ್ಲಿ ತಡೆ ಬೇಕು.

ಆದರೆ ಹಲಗೆಯೂ ಇಲ್ಲದೆ, ಹೂಳು ತುಂಬಿ, ಯಾರ ತೋಟಕ್ಕೂ ನೀರು ಕೊಡದ ಅಣೆಕಟ್ಟುಗಳನ್ನು ಒಡೆಯುವುದೇ ಸರಿ. ಅಮೆರಿಕದ ಕ್ಲಾಮತ್ ನದಿಯಲ್ಲಿ 4 ಅಣೆಕಟ್ಟುಗಳನ್ನು ಒಡೆಯುವ ಕೆಲಸ 2024ರಲ್ಲಿ ಮುಗಿಯಿತು. ಅದೇ ಅಕ್ಟೋಬರಿನಲ್ಲಿ, ನೂರಕ್ಕೂ ಹೆಚ್ಚು ವರ್ಷ ತಡೆಯಾಗಿದ್ದ ಮೇಲಿನ ಭಾಗಕ್ಕೆ ಸಾಲ್ಮನ್ ಮೀನುಗಳು ತಲುಪಿದವು.

ಹೊಸ ಕಿಂಡಿ ಅಣೆಕಟ್ಟಿಗೆ ಪಂಚಾಯತಿಗೆ ಅರ್ಜಿ ಕೊಡುವವರು ಅದರಲ್ಲೇ ಬರೆಯಲಿ: ಹಲಗೆ ಇಡುವ ಶೆಡ್ಡು ಎಲ್ಲಿ, ಮೇ ಮುಗಿಯುವುದರೊಳಗೆ ಎಬ್ಬಿಸುವ ಹೊಣೆ ಯಾರದು, ಆ ಕೂಲಿ ಯಾವ ಲೆಕ್ಕದಿಂದ.